ಬ್ಯಾಡ ಅನ್ಲಾಕ ಒಬ್ರು ಸಾಕು

ನಾನು ಕಲಬುರಗಿಯೊಳಗ ಒಂದು ಕಾಲೇಜಿನ್ಯಾಗ ಭೂಗೋಳ ಹೇಳ್ತೀನ್ರಿ, ಇಕೋ ಕ್ಲಬ್ಬೂ ನನ್ನ ಕೊರಳಿಗೇ ಬಿದ್ದಾದ. ಚಳಿಗಾಲ ಬಂತಂದ್ರ ಹುಡುಗ ಹುಡುಗೇರನ್ನ ಕರ್ಕೊಂಡು ಕೃಷ್ಣಾ ನದಿ ನಡುವಿನ ಒಂದು ಗಡ್ಡಿ ಮ್ಯಾಲ ಒಂದು ರಾತ್ರಿ ಕ್ಯಾಂಪ್ ಮಾಡ್ತೀವಿ. ಜೇವರ್ಗಿ, ಶಹಾಪುರ, ಸುರಪುರ, ಹುಣಸಗಿ ದಾಟಿ ನಾರಾಯಣಪುರದ ಕೆಳಗ. ಯಾವ ಗಡ್ಡಿ ಅಂತ ಮಾತ್ರ ಹೇಳಲ್ಲ, ಹೇಳಿದ್ರ ಮುಂದಿನ ಸಂಡೇನೇ ಡಿಜೆ ತಗೊಂಡು ಮಂದಿ ಹೋಗಿ ನಿಂದರ್ತಾರ.

ಕ್ಯಾಂಪ್ ಅಂದ ಕೂಡ್ಲೇ ಎಲ್ಲಾರೂ ಟೆಂಟ್, ಬೆಂಕಿ, ಅಂತಾಕ್ಷರಿ ಅಂತಾರ. ಅವೆಲ್ಲ ಹುಡುಗ್ರೇ ನೋಡ್ಕೋತಾರ, ಊಟಕ್ಕೂ ಫಿಕರ್ ಇಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೋದ್ರ ಎರಡು ದಿನ ಕೆಡಂಗಿಲ್ಲ. ನಮ್ಮ ಕೆಲಸ ಅಂದ್ರ ನೀರು.

ಕೃಷ್ಣಾ ಹೆಂಗಂದ್ರ, ನಮ್ಮ ಕಡಿ ಒಂದು ಹನಿ ಮಳಿ ಇಲ್ದಿದ್ರೂ ಹೊಳಿ ತುಂಬಿ ಬರ್ತದ. ಮಹಾಬಳೇಶ್ವರ, ಕೊಯ್ನಾ ಕಡಿ ಹೊಡದ್ರ ಆ ನೀರು ಆಲಮಟ್ಟಿಗೆ, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕ. ಆಲಮಟ್ಟಿ 123 ಟಿಎಂಸಿ ಹಿಡಿತದ, ಬಸವಸಾಗರ 33 ಟಿಎಂಸಿ ಅಷ್ಟೇ, ಮ್ಯಾಲಿಂದ ಜೋರು ಬಂದ್ರ ಇಲ್ಲಿ ಇಟ್ಕೊಳ್ಳಾಕ ಜಾಗಾನೇ ಇಲ್ಲ, ಗೇಟ್ ಎತ್ತಲೇಬೇಕು. 2019ರ ಆಗಸ್ಟ್‌ನ್ಯಾಗ 5 ಲಕ್ಷ ಕ್ಯೂಸೆಕ್ ಮ್ಯಾಲ ಬಿಟ್ಟಿದ್ರು, ನೀಲಕಂಠರಾಯನಗಡ್ಡಿ ಊರಿನ ಮಂದಿಗೆ ದಾರಿನೇ ಇಲ್ಲದಂಗ ಆಗಿತ್ತು. ಚಳಿಗಾಲಕ್ಕ ಅಷ್ಟೆಲ್ಲ ಇರಂಗಿಲ್ಲ, ಖರೇನ. ಆದ್ರ ಡ್ಯಾಮಿನ ಕೆಳಗಿನ ಹೊಳಿ ಯಾವತ್ತೂ ಬರೀ ಹೊಳಿ ಅಲ್ರಿ, ಮ್ಯಾಲ ಯಾರೋ ಒಬ್ರ ಕೈಯಾಗ ಗೇಟ್ ಇರ್ತದ. 2014ರ ಜೂನ್ 8ಕ್ಕ ಹಿಮಾಚಲದ ಬಿಯಾಸ್ ನದಿಯೊಳಗ ಹೈದರಾಬಾದಿನಿಂದ ಟೂರಿಗೆ ಹೋದ 24 ಇಂಜಿನಿಯರಿಂಗ್ ಹುಡುಗ ಹುಡುಗೇರು ತೇಲಿ ಹೋದ್ರಲ್ಲ, ಫೋಟೋ ತೆಕ್ಕೋಳಾಕ ಹೊಳಿಯೊಳಗಿನ ಬಂಡೆಗಲ್ಲಿನ ಮ್ಯಾಲ ಇಳಿದಿದ್ರು, ಮ್ಯಾಲಿನ ಲಾರ್ಜಿ ಡ್ಯಾಮಿಂದ ನೀರು ಬಿಟ್ರು, ಅಷ್ಟೇ. ನಾನು ಪ್ರತಿ ವರ್ಷ ಪಾಲಕರ ಮೀಟಿಂಗಿನ್ಯಾಗ ಇದನ್ನ ಹೇಳಿಯೇ ಸಹಿ ತಗೋತೀನಿ. ಅಂಜಿಸ್ತಾರ ಅಂತ ಕೆಲವ್ರಿಗೆ ಸಿಟ್ಟು ಬರ್ತದ, ಬರ್ಲಿ.

ನಮ್ಮ ಅಂಬಿಗರ ಕಾಕಾನ ಕಡಿಂದ ಕಲ್ತದ್ದು ಭಾಳ ಅದ. ಗಡ್ಡಿಗೆ ಇಳಿದ ಕೂಡ್ಲೇ ನೀರಿನ ಅಂಚಿಗೆ ಒಂದು ಕಟ್ಟಿಗಿ ಹುಗೀತಾನ, ಗುರ್ತು ಹಾಕ್ತಾನ, ರಾತ್ರಿ ಪಾಳಿ ಪ್ರಕಾರ ಹುಡುಗ್ರು ಬ್ಯಾಟ್ರಿ ಹಿಡ್ಕೊಂಡು ಹೋಗಿ ದೂರದಿಂದ ನೋಡಿ ಬರ್ಬೇಕು. ಹರಗೋಲು ಗಡ್ಡಿ ಕಡೀನೇ ಕಟ್ಟಿರ್ಬೇಕು, ಕಾಕಾನೂ ನಮ್ಮ ಜೊತಿಗೇ ಮಲಗ್ಬೇಕು, ಯಾಕಂದ್ರ ಹಾವು ಮುಟ್ಟಿತು ಅಂದ್ರ 108 ಗಾಡಿ ಹೊಳಿ ದಾಟಿ ಬರಂಗಿಲ್ಲ, ಆ ಹೊತ್ತಿನ್ಯಾಗ ಗಡ್ಡಿ ಮ್ಯಾಲ ನಿಂತು ಕೂಗಿದ್ರ ಆಚೆ ದಂಡಿಗೆ ಯಾರಿಗೆ ಕೇಳಬೇಕು. ಹೊತ್ತು ಮುಳುಗಿದ ಮ್ಯಾಲ ನೀರಿಗೆ ಕೈನೂ ಹಚ್ಚಂಗಿಲ್ಲ, ಮೊಸಳಿ ಅವ. ಕೈ ತೊಳಿಲಾಕ ಮೊದ್ಲೇ ಕೊಡ ತುಂಬಿಟ್ಟಿರ್ತೀವಿ. ಲೈಫ್ ಜಾಕೆಟ್ ಇಲ್ದ ಹರಗೋಲು ಹತ್ತಂಗಿಲ್ಲ, ಅದ್ರಾಗ ಫೋಟೋ ಛಲೋ ಬರಂಗಿಲ್ಲ ಅಂತ ಮುಖ ಸಣ್ಣ ಮಾಡೋರು ಪ್ರತಿ ಬ್ಯಾಚಿಗೂ ಇರ್ತಾರ.

ಆದ್ರ ನಾ ಹೇಳ್ಬೇಕಂತ ಕುಂತದ್ದು ಇದಲ್ಲ.

ಒಂದು ವರ್ಷ ದೀಪಾವಳಿ ಆದ್ಮ್ಯಾಲ ಹೋಗಿದ್ವಿ. ಬಸ್ಸು ದಂಡಿಗೆ ಹೋಗಿ ನಿಂತದ, ಬುತ್ತಿ, ಚಾಪಿ ಎಲ್ಲಾ ಇಳಿಸ್ಯಾರ, ಪೋರಗೋಳು ಆಗ್ಲೇ ಸ್ಟೇಟಸ್ ಹಾಕ್ಯಾರ. ಕಾಕಾ ನೀರು ನೋಡ್ಕೋತ ಸ್ವಲ್ಪ ಹೊತ್ತು ನಿಂತು, "ಸರ್ರ, ಇವತ್ತ ಬ್ಯಾಡ್ರಿ" ಅಂದ. ಯಾಕಂತ ಕೇಳಿದ್ರ "ಬಣ್ಣ ಜರಾ ಬ್ಯಾರೆ ಕಾಣ್ಲಾಕತ್ತದ" ಅಂದ, ಅಷ್ಟೇ. ಡ್ಯಾಮಿನಿಂದ ನೀರು ಬಿಡೋ ಸುದ್ದಿ ಏನೂ ಇರ್ಲಿಲ್ಲ. ಜೊತಿಗೆ ಬಂದಿದ್ದ ನಮ್ಮ ಕಾಲೇಜಿನ ಮೇಡಮ್ಮರು ಒಂದು ಮಾತೂ ಆಡ್ದ ಚೀಲ ವಾಪಸ್ ಬಸ್ಸಿಗೆ ಹಾಕ್ಸಿದ್ರು. ಹತ್ತಿರದ ಊರಿನ ಸಾಲಿ ಕಟ್ಟಿ ಮ್ಯಾಲ ಮಲಗಿದ್ವಿ, ಸೊಳ್ಳಿ ತಿಂದು ಹಾಕಿದುವು. ಮುಂಜಾನಿ ಎದ್ದು ನೋಡಿದ್ರ ನೀರು ಒಂದು ಗೇಣೂ ಏರಿರ್ಲಿಲ್ಲ.

ಇಲ್ಲೇ ನೋಡ್ರಿ ವಿಷಯ ಇರೋದು. ನೀರು ಏರಿದ್ರ ಕಾಕಾ ದೇವ್ರಾಗ್ತಿದ್ದ, ಏರ್ಲಿಲ್ಲ, ಅದಕ್ಕ ಹುಡುಗ್ರು ಗೊಣಗಿದ್ರು, ಕಾಲೇಜಿಗೆ ಬಂದ್ಮ್ಯಾಲ "ಏನಾಗಿತ್ರಿ ಅಲ್ಲಿ?" ಅಂತ ಮ್ಯಾಲಿನವರೂ ಕೇಳಿದ್ರು. ಏನೂ ಆಗಿರ್ಲಿಲ್ಲ. ಆದ್ರ ಆಗ್ಲಿಲ್ಲ ಅಂದ್ರ ಅವನು ಹೇಳಿದ್ದು ತಪ್ಪು ಅಂತ ಹೆಂಗಾಗ್ತದ? ಒಂದ್ಸಲ ಅವನನ್ನ ನಗೆಗೀಡು ಮಾಡಿದ್ವಿ ಅಂದ್ರ ಮುಂದಿನ ವರ್ಷ ಬಾಯಿ ಬಿಡಂಗಿಲ್ಲ ಅವನು. ಬಸ್ ಬಾಡಿಗಿ ಕೊಟ್ಟಾಗ್ಯಾದ, ಊರ ತುಂಬ ಹೇಳ್ಕೊಂಡಾಗ್ಯಾದ, ಇಷ್ಟು ಮಂದಿ ಕಣ್ಣು ಅರಳಿಸ್ಕೊಂಡು ನಿಂತಾಗ ಹೋಗೋಣು ಅನ್ನೋದು ಸಸಾರ. ಡಿಗ್ರಿ ಇದ್ದವರ ಮುಂದ ಸಾಲಿ ಕಲಿಲಾರದ ಮನಷ್ಯಾ ಬ್ಯಾಡ ಅನ್ಬೇಕಂದ್ರ ಎಷ್ಟು ಧೈರ್ಯ ಬೇಕು ನೀವೇ ಹೇಳ್ರಿ, ಅದ್ರ ಮ್ಯಾಲ ನಾವು ಕಾರಣ ಕೊಡು, ಪ್ರೂಫ್ ಕೊಡು ಅಂದ್ರ ಮುಗೀತು.

ಆವಾಗಿಂದ ಪರ್ಮಿಷನ್ ಲೆಟರಿನ್ಯಾಗೇ ಬರದು ಬಿಟ್ಟೀವಿ: ಹೋಗ್ಲಾಕ ಮೂರು ಮಂದಿ ಹೂಂ ಅನ್ಬೇಕು, ಕಾಕಾ, ಮೇಡಮ್ಮರು, ನಾನು. ಬ್ಯಾಡ ಅನ್ಲಾಕ ಅದ್ರಾಗ ಒಬ್ರು ಸಾಕು. ಕಾರಣ ಕೇಳಂಗಿಲ್ಲ, ಆಮ್ಯಾಲ ಸರಿ ಇತ್ತೋ ಇಲ್ಲೋ ಅಂತ ಲೆಕ್ಕಾನೂ ಹಾಕಂಗಿಲ್ಲ. ಪ್ರಿನ್ಸಿಪಾಲರು ಹೋಗ್ರಿ ಅಂದ್ರೂ ಹೋಗಂಗಿಲ್ಲ. ಇನ್ನೊಂದು, ಬ್ಯಾಡ ಅಂದ ದಿನಾನೂ ಕಾಕಾಗ ಪೂರ್ತಿ ರೊಕ್ಕ ಕೊಡ್ತೀವಿ. ಇದು ಭಾಳ ಮುಖ್ಯ. ಹೋದ್ರ ಮಾತ್ರ ಕೂಲಿ ಅಂದ್ರ ಯಾವ ಬಡವ ಬ್ಯಾಡ ಅಂತಾನ್ರಿ?

ಜೊತಿಗೇ ಎರಡನೇ ಪ್ಲಾನ್ ರೆಡಿ ಇಟ್ಟಿರ್ತೀವಿ, ಇಲ್ಲಾಂದ್ರ ಬ್ಯಾಡ ಅಂದವ್ರು ಎಲ್ಲಾರ ಮಜಾ ಕೆಡಿಸಿದಂಗ ಕಾಣ್ತಾರ. ನಮ್ಮ ಅದೃಷ್ಟಕ್ಕ ಹುಣಸಗಿ ಕಣಿವಿ ಹತ್ರಾನೇ ಅದ. ಅಲ್ಲಿ ಇಸಾಂಪುರದಾಗ ಸುಮಾರು 12 ಲಕ್ಷ ವರ್ಷದ ಹಿಂದ ಮನಷ್ಯಾರು ಕಲ್ಲಿನ ಕೈಗೊಡ್ಲಿ ಮಾಡಿದ ಜಾಗಾ ಅದ, ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಗಟ್ಲೆ ಅಗದು ತೋರ್ಸಿದ್ದು. ಸೊಳ್ಳಿ ಕಡಿಸ್ಕೊಂಡ ಬ್ಯಾಚಿನವ್ರು ಮರುದಿನ ಅಲ್ಲಿಗೇ ಹೋಗಿದ್ರು, ಅದ್ರಾಗ ಒಬ್ಬಾಕಿ ಈಗ ಪುರಾತತ್ವ ಎಂಎ ಮಾಡ್ಲಾಕತ್ಯಾಳ.

ಈ ವರ್ಷ ಹುಡುಗ್ರ ಪರವಾಗಿ ನಾಲ್ಕನೇ ಹೆಸರು ಒಂದು ಸೇರ್ಸೀವಿ, ಅವ್ರೊಳಗಿನ ಒಬ್ಬ ಹುಡುಗಿದು. ಅಂಜಿಕಿ ಆಗಿದ್ರೂ ಸರ್ ಮುಂದ ಹೇಳ್ಲಾಕ ನಾಚೋ ಹುಡುಗೇರು ಇರ್ತಾರ, ಅವ್ರು ಆಕಿಗೆ ಹೇಳಿದ್ರ ಸಾಕು, ಆಕಿ ಬ್ಯಾಡ ಅಂದ್ರ ಬ್ಯಾಡ. ಹತ್ತೊಂಬತ್ತು ವರ್ಷದ ಪೋರಿ ಕೈಯಾಗ ಇಡೀ ಕ್ಯಾಂಪ್ ಕ್ಯಾನ್ಸಲ್ ಮಾಡೋ ಅಧಿಕಾರ ಕೊಡ್ತೀರೇನು ಅಂತ ಸ್ಟಾಫ್ ರೂಮಿನ್ಯಾಗ ಜಗಳ ನಡದಾದ, ಪ್ರಿನ್ಸಿಪಾಲರ ಸಹಿ ಇನ್ನಾ ಆಗಿಲ್ಲ.