ಅವನು ಬೆಂಚಿಗೆ ಹೇಗೆ ನಡೆದು ಹೋಗುತ್ತಾನೆ

"ಚೆಂಡನ್ನು ನೋಡಬೇಡ. ಅದು ಎದುರಾಳಿಯ ಕೈಸೇರಿದ ಮೇಲೆ ಅವನು ಬೆಂಚಿಗೆ ಹೇಗೆ ನಡೆದು ಹೋಗುತ್ತಾನೆ, ಅದನ್ನು ನೋಡು." ಅಮೆರಿಕನ್ ಫುಟ್‌ಬಾಲ್ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಇದು. ಅವನು ಎಂದರೆ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ತಂಡದ ಆಟ ನಡೆಸುವವನು. ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಹಿರಿಯರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಟಿವಿಯ ಧ್ವನಿ ಪೂರ್ತಿ ಅಡಗಿಸಿ ಪಂದ್ಯ ನೋಡುವವರು. ಕಾಮೆಂಟರಿ ಕೇಳಿದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುವುದು ಅವರ ನಂಬಿಕೆ.

ನಾನು ಮತ್ತು ನನ್ನ ಗಂಡ ಮಿಶಿಗನ್‌ಗೆ ಬಂದದ್ದು 2009ರ ಜನವರಿಯಲ್ಲಿ. ಡೆಟ್ರಾಯಿಟ್ ಲಯನ್ಸ್ ತಂಡ ಆಗಷ್ಟೇ ಹದಿನಾರಕ್ಕೆ ಹದಿನಾರು ಪಂದ್ಯಗಳನ್ನೂ ಸೋತು ಋತು ಮುಗಿಸಿತ್ತು. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 16 ಪಂದ್ಯಗಳ ಋತುವನ್ನು ಹಾಗೆ ಸೋತ ತಂಡ ಅದಕ್ಕೆ ಮೊದಲು ಇರಲಿಲ್ಲ. ಅದೇ ವರ್ಷ ಕಾರು ಕಂಪನಿಗಳು ದಿವಾಳಿ ಅರ್ಜಿ ಹಾಕಿದವು. ಊರಿಗೆ ಊರೇ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ ಆ ದಿನಗಳಲ್ಲಿ ಮ್ಯಾಥ್ಯೂ ಸ್ಟಾಫರ್ಡ್ ಎಂಬ 21 ವರ್ಷದ ಕ್ವಾರ್ಟರ್‌ಬ್ಯಾಕ್ ಹುಡುಗ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತಂಡಕ್ಕೆ ಬಂದ.

ಆ ವರ್ಷದ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ವಿರುದ್ಧದ ಪಂದ್ಯವನ್ನು ನಾನು ಹಿರಿಯರ ಮನೆಯ ನೆಲಮಾಳಿಗೆಯಲ್ಲಿ ನೋಡಿದೆ. ಕೊನೆಯ ಎಸೆತದಲ್ಲಿ ಸ್ಟಾಫರ್ಡ್ ನೆಲಕ್ಕೆ ಅಪ್ಪಳಿಸಲ್ಪಟ್ಟ, ಭುಜ ಸರಿದಿತ್ತು. ಆದರೆ ಎದುರಾಳಿಯ ತಪ್ಪಿನಿಂದ, ಗಡಿಯಾರ ಸೊನ್ನೆಗೆ ಬಂದಿದ್ದರೂ, ಲಯನ್ಸ್‌ಗೆ ಇನ್ನೊಂದು ಅವಕಾಶ ಸಿಕ್ಕಿತು. ಬದಲಿ ಆಟಗಾರ ಆಗಲೇ ಮೈದಾನಕ್ಕಿಳಿದಿದ್ದ. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್ ಟೈಮ್‌ಔಟ್ ತೆಗೆದುಕೊಂಡಿತು. ಸ್ಟಾಫರ್ಡ್ ವೈದ್ಯರ ಕೈ ತಪ್ಪಿಸಿಕೊಂಡು ಒಳಗೆ ಓಡಿದ, ಒಂದು ಗಜದ ಟಚ್‌ಡೌನ್ ಎಸೆದ, ಅಂದರೆ ಚೆಂಡನ್ನು ಎದುರಾಳಿಯ ಗಡಿಗೆರೆಯಾಚೆ ತಲುಪಿಸಿ ಅಂಕ ತಂದ. 38–37. ಎರಡೂ ತಂಡಗಳದ್ದು ಸೋಲಿನ ವರ್ಷವೇ. ಆ ಗೆಲುವಿನಿಂದ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಆದರೂ ಹಿರಿಯರು ಕುರ್ಚಿಯಿಂದ ಎದ್ದು ನಿಂತಿದ್ದರು. ಆಟದ ನಿಯಮ ಅರ್ಧಂಬರ್ಧ ತಿಳಿದಿದ್ದ ನಾನೂ ಎದ್ದು ನಿಂತಿದ್ದೆ.

ಈ ಆಟ ನೋಡದವರಿಗಾಗಿ ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು ಎಂದು ಬಿಡಿಸಿ ಹೇಳಬೇಕು. ಕ್ರಿಕೆಟ್ ನಾಯಕನಿಗೆ ಹೋಲಿಸುವುದು ಸುಲಭ, ಆದರೆ ಅದು ಸಾಲದು. ಕ್ರಿಕೆಟ್ ನಾಯಕ ಗಂಟೆಗಟ್ಟಲೆ ಸ್ಲಿಪ್‌ನಲ್ಲಿ ಸುಮ್ಮನೆ ನಿಂತಿರಬಹುದು. ಇಲ್ಲಿ ತಂಡದ ದಾಳಿಯ ಹೆಚ್ಚುಕಡಿಮೆ ಪ್ರತಿ ಆಟವೂ ಒಬ್ಬನ ಕೈಯಿಂದಲೇ ಹಾಯುತ್ತದೆ. ಒಂದು ಆಟ ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡು. ಕೋಚ್‌ನ ಧ್ವನಿ ಅವನ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಕೇಳಿಸುತ್ತದೆ. 15 ಸೆಕೆಂಡು ಉಳಿದಾಗ ಅದು ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ. ಸುತ್ತ ನಿಂತ ಹತ್ತು ಜನರಿಗೆ ಉದ್ದನೆಯ ಸಂಕೇತವಾಕ್ಯವನ್ನು ತಪ್ಪಿಲ್ಲದೆ ಹೇಳಬೇಕು, ಎದುರಾಳಿ ನಿಂತ ರೀತಿ ನೋಡಿ ಬೇಕಾದರೆ ಅದನ್ನು ಬದಲಿಸಬೇಕು, ಅದೂ ಅರವತ್ತು ಎಪ್ಪತ್ತು ಸಾವಿರ ಜನರ ಕೂಗಿನ ನಡುವೆ. ಅವನ ಮುಂದೆ ಸಾಲಾಗಿ ನಿಲ್ಲುವ ಐದು ಲೈನ್‌ಮನ್‌ಗಳು ಒಬ್ಬೊಬ್ಬರೂ 140 ಕಿಲೋ ಆಸುಪಾಸಿನವರು. ಅವರು ಚೆಂಡು ಮುಟ್ಟುವುದು ತೀರ ಅಪರೂಪ. ಇಡೀ ಸಂಜೆ ಅವರ ಕೆಲಸವೆಂದರೆ ಅವನನ್ನು ಕಾಯುವುದು. ಒಬ್ಬ ಮನುಷ್ಯನಿಗಾಗಿ ಐವರು ಮೈಯೊಡ್ಡಬೇಕಾದರೆ ಅವನು ಎಂಥವನು ಎಂಬ ಪ್ರಶ್ನೆ ಆ ಸುತ್ತಿನೊಳಗೆ ದಿನವೂ ಇರುತ್ತದೆ.

ಇದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ ನಾನು ಕಣ್ಣಾರೆ ನೋಡದ ಪಂದ್ಯದ್ದು. 1989ರ ಜನವರಿಯ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೊ 16–13ರಿಂದ ಹಿಂದಿದೆ, ಮೂರು ನಿಮಿಷ ಚಿಲ್ಲರೆ ಉಳಿದಿದೆ, 92 ಗಜ ಕ್ರಮಿಸಬೇಕು. ಸಹ ಆಟಗಾರರು ಬಿಗಿದುಕೊಂಡು ನಿಂತಿದ್ದಾಗ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಲೈನ್‌ಮನ್ ಹ್ಯಾರಿಸ್ ಬಾರ್ಟನ್‌ಗೆ ಗ್ಯಾಲರಿಯ ಕಡೆ ತೋರಿಸಿ, ಅಲ್ಲಿ ನೋಡು, ಹಾಸ್ಯನಟ ಜಾನ್ ಕ್ಯಾಂಡಿ ಕುಳಿತಿದ್ದಾನೆ ಎಂದ. ಆಮೇಲೆ ಒಂದೊಂದೇ ಎಸೆತವಾಗಿ ತಂಡವನ್ನು ಆ ತುದಿಯವರೆಗೂ ನಡೆಸಿದ. 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್‌ಗೆ ಟಚ್‌ಡೌನ್. 20–16. ಅವನು ಭಾಷಣ ಮಾಡಲಿಲ್ಲ. ತನ್ನ ಉಸಿರು ಸಮನಾಗಿದೆ ಎಂಬುದನ್ನು ಅವರಿಗೆ ಕಾಣುವಂತೆ ಮಾಡಿದ, ಅಷ್ಟೇ.

ಆದರೆ ಇಂಥ ಕಥೆಗಳನ್ನು ಗೆದ್ದವರ ಬಗ್ಗೆ ಮಾತ್ರ ಹೇಳಿಕೊಳ್ಳುತ್ತೇವೆ ಎಂಬುದೂ ನನ್ನನ್ನು ಕಾಡುತ್ತದೆ. ಮೊಂಟಾನಾ ಆ ದಿನ ಸೋತಿದ್ದರೆ ಅದೇ ಮಾತನ್ನು ಉಡಾಫೆ ಎನ್ನುತ್ತಿದ್ದರೇನೋ. ನ್ಯೂಯಾರ್ಕ್ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್‌ಗೆ ಆದದ್ದನ್ನೇ ನೋಡಿ. ಮೆತ್ತಗಿನ ಮನುಷ್ಯ, ಮುಖದಲ್ಲಿ ಹೆಚ್ಚು ಭಾವ ಕಾಣದು. 2007ರ ಋತುವಿಗೆ ಮುನ್ನ, ಆಗಷ್ಟೇ ನಿವೃತ್ತನಾಗಿ ಟಿವಿಗೆ ಸೇರಿದ್ದ ಅವನ ಸಹ ಆಟಗಾರ ಟಿಕಿ ಬಾರ್ಬರ್, ಈಲೈ ತಂಡದ ಮುಂದೆ ನಾಯಕನಂತೆ ಮಾತಾಡಲು ಹೊರಟರೆ ನಗು ಬರುವಂತಿರುತ್ತಿತ್ತು ಎಂಬರ್ಥದಲ್ಲಿ ಹೇಳಿದ. ಅದೇ ಋತುವಿನ ಕೊನೆಗೆ, 2008ರ ಫೆಬ್ರುವರಿಯಲ್ಲಿ, 18 ಪಂದ್ಯ ಸತತವಾಗಿ ಗೆದ್ದು ಬಂದಿದ್ದ ಟಾಮ್ ಬ್ರೇಡಿಯ ನ್ಯೂ ಇಂಗ್ಲೆಂಡ್ ತಂಡವನ್ನು ಈಲೈ 17–14ರಿಂದ ಸೋಲಿಸಿದ. ಶರತ್ಕಾಲದಲ್ಲಿ ಮಂಕು ಎನಿಸಿದ್ದ ಅದೇ ಮುಖ ಫೆಬ್ರುವರಿಯಲ್ಲಿ ಪ್ರಶಾಂತ ಎನಿಸಿಕೊಂಡಿತು. ಮನುಷ್ಯ ಬದಲಾಗಿರಲಿಲ್ಲ, ಅವನ ಗುಣಕ್ಕೆ ನಾವು ಇಟ್ಟ ಹೆಸರು ಬದಲಾಗಿತ್ತು.

ಈ ವಿಷಯ ನನಗೆ ಹತ್ತಿರದ್ದು. ಬಿಡಿಭಾಗಗಳ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಆರು ಜನರ ತಂಡದ ಹೊಣೆ ನನ್ನದಾದ ಮೊದಲ ವರ್ಷ, ವಾರ್ಷಿಕ ಮೌಲ್ಯಮಾಪನದಲ್ಲಿ ಮೇಲಧಿಕಾರಿ ಬರೆದಿದ್ದರು: ಸಭೆಗಳಲ್ಲಿ ಇವರ ಧ್ವನಿ ಕೇಳಿಸುವುದಿಲ್ಲ, ನಾಯಕತ್ವದ ಗುಣ ಕಾಣಿಸುವುದಿಲ್ಲ. ಆ ಹಾಳೆಯನ್ನು ಎಷ್ಟೋ ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಗಟ್ಟಿಯಾಗಿ ಮಾತಾಡಲು ಪ್ರಯತ್ನಿಸಿದೆ. ಎರವಲು ತಂದ ಧ್ವನಿ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸ್ಟಾಫರ್ಡ್‌ನಂತೆ ಮುರಿದ ಮೈಯಲ್ಲಿ ನುಗ್ಗುವವರು ಮಾತ್ರ ಮುಂದಾಳುಗಳಾಗುತ್ತಾರೆ ಎಂದು ಆಗ ನಂಬಿದ್ದೆ.

ಆ ಸ್ಟಾಫರ್ಡ್ ಡೆಟ್ರಾಯಿಟ್‌ನಲ್ಲಿ 12 ವರ್ಷ ಆಡಿದ. ಅವನ ಧೈರ್ಯವನ್ನು ಈ ಊರಿನಲ್ಲಿ ಯಾರೂ ಪ್ರಶ್ನಿಸಲಿಲ್ಲ. ಆದರೂ ಆ ಅವಧಿಯಲ್ಲಿ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಗೆಲುವು ಒಂದೂ ಇಲ್ಲ. 2021ರಲ್ಲಿ ಅವನನ್ನು ಲಾಸ್ ಏಂಜಲಿಸ್ ರ‍್ಯಾಮ್ಸ್‌ಗೆ ಕೊಟ್ಟರು. ಅಲ್ಲಿ ಮೊದಲ ಋತುವಿನಲ್ಲೇ ಸೂಪರ್ ಬೌಲ್ ಗೆದ್ದ. ಅದೇ ತೋಳು, ಅದೇ ಸ್ವಭಾವ. ಹಾಗಾಗಿ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ವ್ಯಕ್ತಿತ್ವವೇ ತಂಡವನ್ನು ಗೆಲ್ಲಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಳ್ಳೆಯ ಲೈನ್, ಒಳ್ಳೆಯ ರಕ್ಷಣೆ, ತಲೆಯಿರುವ ಆಡಳಿತ ಇಲ್ಲದಿದ್ದರೆ ಎಂಥ ಗಟ್ಟಿಗನೂ ಹನ್ನೆರಡು ವರ್ಷ ಸವೆಯುತ್ತಾನೆ.

ಸ್ಟಾಫರ್ಡ್‌ಗೆ ಬದಲಾಗಿ ರ‍್ಯಾಮ್ಸ್ ಹಲವು ಡ್ರಾಫ್ಟ್ ಆಯ್ಕೆಗಳ ಜೊತೆ ಕಳಿಸಿದ್ದು ಜ್ಯಾರೆಡ್ ಗಾಫ್‌ನನ್ನು. 2016ರ ಡ್ರಾಫ್ಟ್‌ನ ಮೊದಲ ಆಯ್ಕೆ, ತಂಡವನ್ನು ಸೂಪರ್ ಬೌಲ್‌ವರೆಗೂ ಒಯ್ದವನು, ಅಲ್ಲಿ ಮೂರೇ ಅಂಕ ಗಳಿಸಿ ಸೋತವನು. ಎರಡು ವರ್ಷದ ನಂತರ ಬೇಡವಾದ. ಲೆಕ್ಕ ಸರಿದೂಗಿಸಲು ಎಸೆದ ಸಾಮಾನಿನಂತೆ ಅವನು ಇಲ್ಲಿಗೆ ಬಂದ. ಹೊಸ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಗುಡುಗುವ ಮನುಷ್ಯ, ಕಣ್ಣೀರು ಮುಚ್ಚಿಡದವರು. ಗಾಫ್ ಅದಕ್ಕೆ ತದ್ವಿರುದ್ಧ, ತಣ್ಣಗಿನವನು. ಮೊದಲ 11 ಪಂದ್ಯಗಳಲ್ಲಿ ಹತ್ತು ಸೋಲು, ಒಂದು ಸಮ. ಡಿಸೆಂಬರ್ 5ರಂದು ಮಿನೆಸೋಟ ವಿರುದ್ಧ, ಕಟ್ಟಕಡೆಯ ಎಸೆತದಲ್ಲಿ, ಆಗಿನ್ನೂ ಮೊದಲ ವರ್ಷದಲ್ಲಿದ್ದ ಅಮಾನ್-ರಾ ಸೇಂಟ್ ಬ್ರೌನ್‌ಗೆ ಟಚ್‌ಡೌನ್ ಎಸೆದು ಮೊದಲ ಗೆಲುವು ತಂದ.

ಆ ಹತ್ತು ಸೋಲುಗಳನ್ನೂ ಹಿರಿಯರೂ ನಾನೂ ಧ್ವನಿಯಿಲ್ಲದೆ ನೋಡಿದ್ದೆವು. ಚೆಂಡು ಎದುರಾಳಿಯ ಪಾಲಾದಾಗ ಕೆಲವು ಕ್ವಾರ್ಟರ್‌ಬ್ಯಾಕ್‌ಗಳು ಎರಡೂ ಕೈ ಚಾಚಿ, ಎಸೆತ ಹಿಡಿಯಬೇಕಿದ್ದ ರಿಸೀವರ್‌ನತ್ತ ನೋಡುತ್ತಾರೆ. ನೀನೇಕೆ ಆ ಕಡೆ ತಿರುಗಲಿಲ್ಲ ಎಂಬ ಪ್ರಶ್ನೆ ಗ್ಯಾಲರಿಯ ಕೊನೆಯ ಸಾಲಿಗೂ ಕಾಣುತ್ತದೆ. ರಿಸೀವರ್‌ಗೂ ಕಾಣುತ್ತದೆ. ಮುಂದಿನ ಸಲ ಅವನು ಎರಡು ಮನಸ್ಸಿನಲ್ಲಿ ಓಡುತ್ತಾನೆ. ಚೆಂಡು ಬಂದು ತಲುಪುವ ಜಾಗಕ್ಕೆ ಒಂದು ಹೆಜ್ಜೆ ತಡವಾದರೆ ಮತ್ತೆ ಇಂಟರ್‌ಸೆಪ್ಷನ್, ಎಸೆದ ಚೆಂಡು ಎದುರಾಳಿಯ ಕೈಗೆ. ಮುನಿಸು ಹೀಗೆ ಲೆಕ್ಕದ ಪುಟಕ್ಕೆ ಇಳಿಯುತ್ತದೆ. ಗಾಫ್ ಕೈ ಚಾಚಿದ್ದನ್ನು ನಾವು ಅಷ್ಟಾಗಿ ಕಾಣಲಿಲ್ಲ. ತಲೆಯೆತ್ತಿ ನಡೆದು ಬಂದು, ಟ್ಯಾಬ್ಲೆಟ್ ಕಂಪ್ಯೂಟರ್ ಕೈಗೆತ್ತಿಕೊಂಡು, ಆದದ್ದೇನೆಂದು ನೋಡುತ್ತಿದ್ದ. ಹಿರಿಯರು ನವೆಂಬರ್‌ನಲ್ಲೇ ಹೇಳಿದರು, "ಈ ಹುಡುಗ ನಿಲ್ಲುತ್ತಾನೆ." ನಾನು ನಂಬಲಿಲ್ಲ.

2024ರ ಜನವರಿ 14. ಡೆಟ್ರಾಯಿಟ್‌ನಲ್ಲಿ ಪ್ಲೇಆಫ್ ಪಂದ್ಯ, ಎದುರಾಳಿ ಬೇರೆ ಯಾರೂ ಅಲ್ಲ, ರ‍್ಯಾಮ್ಸ್. ಅವರ ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್. ಹನ್ನೆರಡು ವರ್ಷ ಮೈ ಸವೆಸಿದ ಊರಿನಲ್ಲೇ ಜನ ಅವನಿಗೆ ಧಿಕ್ಕಾರ ಕೂಗಿದರು. ಅದು ನನಗೆ ಇಂದಿಗೂ ನೋವಿನ ಸಂಗತಿ. ಅವನು ಅದ್ಭುತವಾಗಿ ಆಡಿದ, 367 ಗಜ ಎಸೆದ. ಗಾಫ್ 27 ಎಸೆತಗಳಲ್ಲಿ 22 ಗುರಿ ಮುಟ್ಟಿಸಿದ. ಕೊನೆಯಲ್ಲಿ ಸೇಂಟ್ ಬ್ರೌನ್‌ಗೆ ಒಂದು ನಿಖರ ಎಸೆತ, ಪಂದ್ಯ ಮುಗಿಯಿತು. 24–23. 1992ರ ಜನವರಿಯ ನಂತರ ಲಯನ್ಸ್‌ಗೆ ಮೊದಲ ಪ್ಲೇಆಫ್ ಗೆಲುವು. ಇಡೀ ಕ್ರೀಡಾಂಗಣ ಗಾಫ್‌ನ ಹೆಸರು ಕೂಗುತ್ತಿತ್ತು. ಹಿರಿಯರು ಆವತ್ತು ಮೊದಲ ಬಾರಿಗೆ ರಿಮೋಟ್ ಎತ್ತಿಕೊಂಡು ಧ್ವನಿ ಏರಿಸಿದರು. ಆಮೇಲೆ ಕ್ಯಾಂಪ್‌ಬೆಲ್ ಪಂದ್ಯದ ಚೆಂಡನ್ನು ಗಾಫ್‌ಗೆ ಕೊಟ್ಟು, ಡೆಟ್ರಾಯಿಟ್‌ಗೆ ನೀನು ಸಾಕಷ್ಟು ಒಳ್ಳೆಯವನೇ ಎಂಬ ಮಾತು ಹೇಳಿದರು. ಎರಡು ಸ್ವಭಾವಗಳು ಒಂದಕ್ಕೊಂದು ಹೊಂದಿಕೊಂಡ ರೀತಿ ಅದು. ಗುಡುಗುವ ಕೋಚ್ ಇರುವ ಕಡೆ ಗುಡುಗುವ ಕ್ವಾರ್ಟರ್‌ಬ್ಯಾಕ್ ಬೇಕಾಗಿರಲಿಲ್ಲ.

ನನ್ನ ಪ್ರಯೋಗಾಲಯದ ಮಾತು ಅರ್ಧಕ್ಕೆ ಬಿಟ್ಟೆ. ಗಾಫ್ ಇಲ್ಲಿಗೆ ಬಂದ ಮರುವರ್ಷ ನಾನು ಒಂದು ಪರೀಕ್ಷೆಯ ಭಾರದ ಅಂಕಿಯನ್ನು ತಪ್ಪಾಗಿ ನಮೂದಿಸಿದೆ. ಎರಡು ವಾರದ ಕೆಲಸ ಹಾಳಾಯಿತು. ಕಾರಣ ಹುಡುಕುವ ಸಭೆಯಲ್ಲಿ ಯಂತ್ರ ನಡೆಸಿದ ಹುಡುಗಿಯತ್ತ ಎಲ್ಲರ ಕಣ್ಣು ತಿರುಗಿತು. ಅಂಕಿ ನನ್ನದು ಎಂದು ಹೇಳಿದೆ, ನನ್ನ ಎಂದಿನ ಸಣ್ಣ ಧ್ವನಿಯಲ್ಲೇ. ಆ ತಿಂಗಳು ಮುಗಿಯುವುದರೊಳಗೆ ತಂಡದ ಮೂವರು ತಮ್ಮ ತಮ್ಮ ತಪ್ಪುಗಳನ್ನು, ಇನ್ನೂ ಚಿಕ್ಕವಿರುವಾಗಲೇ, ನನ್ನ ಮೇಜಿನ ಬಳಿಗೆ ಬಂದು ಹೇಳಿದರು. ಅದಕ್ಕೆ ಹಿಂದೆ ಹಾಗೆ ಯಾರೂ ಬಂದಿರಲಿಲ್ಲ. ಮೌಲ್ಯಮಾಪನದ ಹಾಳೆಯನ್ನು ಆಮೇಲೆ ಹರಿದು ಹಾಕಿದೆ.

ಗಾಫ್‌ನ ತಣ್ಣನೆಯ ಗುಣ ಎಲ್ಲವನ್ನೂ ಗೆಲ್ಲಲಿಲ್ಲ. 2024ರ ಋತುವಿನಲ್ಲಿ 17ರಲ್ಲಿ 15 ಪಂದ್ಯ ಗೆದ್ದ ತಂಡ, ಪ್ಲೇಆಫ್‌ನ ತನ್ನ ಮೊದಲ ಪಂದ್ಯವನ್ನೇ ತವರಿನಲ್ಲಿ ವಾಷಿಂಗ್ಟನ್‌ಗೆ 45–31ರಿಂದ ಸೋತಿತು, ಅದೂ ಮೊದಲ ವರ್ಷದ ಹುಡುಗನೊಬ್ಬ ನಡೆಸಿದ ತಂಡಕ್ಕೆ. ರಕ್ಷಣಾ ಪಡೆಯ ಬಹುಮಂದಿ ಗಾಯಗೊಂಡಿದ್ದರು, ಗಾಫ್ ಕೂಡ ಕೆಟ್ಟದಾಗಿ ಆಡಿದ. ಅದನ್ನು ಮರೆಮಾಚಿ ಬರೆಯಲಾರೆ.

ಆದರೂ ಆ ಋತುವಿನಲ್ಲಿ ನಾನು ಮರೆಯದೆ ಇಟ್ಟುಕೊಂಡಿರುವುದು ನವೆಂಬರ್ 10ರ ರಾತ್ರಿ, ಹ್ಯೂಸ್ಟನ್‌ನಲ್ಲಿ ನಡೆದ ಪಂದ್ಯವನ್ನು. ಗಾಫ್ ಒಂದರ ಮೇಲೊಂದು ಇಂಟರ್‌ಸೆಪ್ಷನ್ ಎಸೆದ. ಮಧ್ಯಂತರಕ್ಕೆ 23–7ರ ಹಿನ್ನಡೆ. ಹಿರಿಯರಿಗೆ ಈಗ ವಯಸ್ಸಾಗಿದೆ. ಮಧ್ಯಂತರಕ್ಕೆ ಮೊದಲೇ ಮಲಗಲು ಹೋದರು. ನಾನು ನಮ್ಮ ಮನೆಯಲ್ಲಿ, ಅವರಿಂದ ಕಲಿತಂತೆ ಧ್ವನಿ ಅಡಗಿಸಿ, ಕುಳಿತೇ ಇದ್ದೆ. ಪಂದ್ಯ ಮುಗಿಯುವಾಗ ಅವನ ಲೆಕ್ಕಕ್ಕೆ ಐದು ಇಂಟರ್‌ಸೆಪ್ಷನ್ ಬಿದ್ದಿದ್ದವು. ಐದು ಎಂದರೆ ಸಾಮಾನ್ಯವಾಗಿ ದೊಡ್ಡ ಸೋಲು. ಆದರೆ ದ್ವಿತೀಯಾರ್ಧದಲ್ಲಿ ರಕ್ಷಣಾ ಪಡೆ ಹ್ಯೂಸ್ಟನ್‌ಗೆ ಒಂದೇ ಒಂದು ಅಂಕ ಕೊಡಲಿಲ್ಲ. ಅವನ ತಪ್ಪಿಗೆ ಮತ್ತೆ ಮತ್ತೆ ಮೈದಾನಕ್ಕಿಳಿಯಬೇಕಾದವರು ಅವರೇ. ಅವರಲ್ಲಿ ಯಾರೂ ಅವನತ್ತ ಮುಖ ತಿರುಗಿಸಿದ್ದು ನನಗೆ ಕಾಣಲಿಲ್ಲ. ಗಾಫ್ ಎಸೆಯುವುದನ್ನು ನಿಲ್ಲಿಸಲಿಲ್ಲ, ಕೋಚ್ ಎಸೆಯಬೇಡ ಎನ್ನಲಿಲ್ಲ. ಲಯನ್ಸ್‌ನ ಕಿಕ್ಕರ್ ಜೇಕ್ ಬೇಟ್ಸ್ 58 ಗಜದಿಂದ ಒದ್ದು ಸಮ ಮಾಡಿದ, ಕೊನೆಗೆ 52 ಗಜದಿಂದ ಒದ್ದು ಗೆಲ್ಲಿಸಿದ. 26–23.

ಹಿರಿಯರ ಮೊಬೈಲ್‌ಗೆ ಸಂದೇಶ ಕಳಿಸಿದೆ: ಐದು ಇಂಟರ್‌ಸೆಪ್ಷನ್, ಆದರೂ ಗೆದ್ದೆವು. ಬೆಳಗ್ಗೆ ಐದೂವರೆಗೆ ಉತ್ತರ ಬಂದಿತ್ತು. ಗೆದ್ದದ್ದು ಹೇಗೆ ಎಂದು ಅವರು ಕೇಳಿರಲಿಲ್ಲ.

"ಐದನೆಯದರ ನಂತರ ಹೇಗೆ ನಡೆದು ಬಂದ?"

ಮೊದಲನೆಯದರ ನಂತರ ಬಂದ ಹಾಗೆಯೇ, ಎಂದು ಬರೆದೆ.