ಆರನೇ ವಾರ: ಎಂಟರ ಕಾಟ ತಪ್ಪಿತು

ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ಭಾಷಣ ಮಾಡುತ್ತಾರೆ, ಅದಕ್ಕೆ ಅಂಕ ಕೊಡುವುದೂ ಸಹಪಾಠಿಗಳೇ. ಮೂರು ನಿಮಿಷದ ಭಾಷಣ, ಗುಂಪು ಹಂಚಿಕೆ, ಸರದಿ ಪಟ್ಟಿ ಇವೆಲ್ಲ ನೀವೂ ಮಾಡಿರುವುದೇ, ಬಿಡಿ. ನನ್ನ ತಲೆ ಕೆಟ್ಟಿದ್ದು ಅಂಕದಲ್ಲಿ. ಉಚ್ಚಾರಣೆ, ನಿರರ್ಗಳತೆ, ವಿಷಯ, ಹಾವಭಾವ, ಧ್ವನಿ ಹೀಗೆ ಐದು ಅಂಶ, ತಲಾ ಹತ್ತು ಅಂಕ. ಮೊದಮೊದಲು ವಾರವಾರವೂ ಪದವಿ ಹುಡುಗರು ಸಹಪಾಠಿಗಳಿಗೆ ಕೊಟ್ಟಿದ್ದು ಎಂಟು. ಮಾತು ಮರೆತು ಜೇಬಿನಲ್ಲಿ ಚೀಟಿ ತಡಕಾಡಿದವನಿಗೂ ಎಂಟು. ಅವತ್ತು ಬಾರದೇ ಇದ್ದವಳಿಗೂ ಎಂಟು, ಜತೆಗೆ 'ಚೆನ್ನಾಗಿತ್ತು' ಅಂತ ಷರಾ ಬೇರೆ!

ಅಂಕ ಕೊಟ್ಟವರ ಹೆಸರು ಮರೆಮಾಡಿದೆ. ಹದಿನೆಂಟು ಜನರಲ್ಲಿ ಯಾರ ಕೈಬರಹ ಯಾರಿಗೆ ಗೊತ್ತಿಲ್ಲ? ಆನ್‌ಲೈನ್ ಫಾರ್ಮ್ ಮಾಡಿದೆ. ಆಗ ಗೆಳೆಯರಿಗೆ ಹತ್ತು, ಆಗದವರಿಗೆ ಮೂರು. ಎಂಟೇ ವಾಸಿ ಅನ್ನಿಸಿತು.

ಅಂಶ ಹೆಚ್ಚಿದಷ್ಟೂ ಅಳತೆ ನಿಖರ ಅಂದುಕೊಂಡಿದ್ದೆ. ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ ಎಂಬ ಸಂಶೋಧಕರು 2000ರಲ್ಲಿ ಸಹಪಾಠಿಗಳು ಕೊಡುವ ಅಂಕದ ಬಗ್ಗೆ 48 ಅಧ್ಯಯನಗಳನ್ನು ಒಟ್ಟಿಗೆ ತೂಗಿ ಕಂಡುಕೊಂಡಿದ್ದು ಬೇರೆಯೇ: ಮಾನದಂಡ ಚೆನ್ನಾಗಿ ಅರ್ಥವಾಗಿದ್ದು, ಸಹಪಾಠಿಗಳು ಒಟ್ಟಾರೆ ಒಂದೇ ಅಂಕ ಕೊಟ್ಟಾಗ ಅದು ಅಧ್ಯಾಪಕರ ಅಂಕಕ್ಕೆ ಹೆಚ್ಚು ಹತ್ತಿರ ಬರುತ್ತದೆ, ಬಿಡಿಬಿಡಿಯಾಗಿ ಅಳೆದರೆ ಅಷ್ಟು ಬರುವುದಿಲ್ಲ. ನಾನು ಇದನ್ನು ಓದಿದ್ದು ಐದು ಕಾಲಮ್ಮಿನ ಹಾಳೆಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿದ ಮೇಲೆ. ಪ್ರೆಸ್ಸಿನವರು ಕೊನೆಯ ಕಾಲಮ್ಮನ್ನು ಅರ್ಧ ಕತ್ತರಿಸಿಯೇ ಕೊಟ್ಟಿದ್ದರು, ಬೈದು ಬಂದಿದ್ದೆ. ಈಗ ನೋಡಿದರೆ ಅವರೇ ಜಾಣರು.

ಈ ವಾರ ಅಂಕವನ್ನೇ ಕಿತ್ತುಹಾಕಿದೆ. ಗುಂಪಿನ ಐವರು ಕೇಳುಗರಿಗೆ ತಲಾ ಒಂದೇ ಕೆಲಸ. ಒಬ್ಬ 'ಅಂದ್ರೆ', 'ಆಮೇಲೆ'ಗಳನ್ನು ಎಣಿಸಬೇಕು. ಒಬ್ಬಳು ತನಗೆ ಎಳೆ ತಪ್ಪಿದ ಕ್ಷಣದಲ್ಲಿ ಗಡಿಯಾರ ನೋಡಿ ಬರೆದಿಡಬೇಕು. ಉಳಿದ ಮೂವರು 'ಇವನು ಹೇಳಿದ್ದೇನು?' ಅಂತ ಒಂದೇ ವಾಕ್ಯ ಬರೆಯಬೇಕು. ಮೊದಲ ಭಾಷಣ ನಿದ್ದೆಯ ಬಗ್ಗೆ. ಬಂದ ಚೀಟಿಗಳು: 'ಬೇಗ ಮಲಗಬೇಕು', 'ಮೊಬೈಲ್ ಕೆಟ್ಟದ್ದು', 'ಪರೀಕ್ಷೆ ಮುಂದೂಡಬೇಕು'. ಹುಡುಗ ಮೂರನ್ನೂ ಎರಡೆರಡು ಸಲ ಓದಿದ. "ನಾನು ಇದ್ಯಾವುದೂ ಹೇಳಲಿಲ್ಲ ಸರ್! ಇನ್ನೊಂದ್ಸಲ ಮಾತಾಡ್ಲಾ?"

ಆರು ವಾರದಲ್ಲಿ ತಾನಾಗಿ ಇನ್ನೊಂದು ಸಲ ಅಂದವನು ಇವನೊಬ್ಬನೇ. ಎರಡನೇ ಸಲ ಮೂವರಲ್ಲಿ ಇಬ್ಬರ ಚೀಟಿ ಅವನು ಅಂದುಕೊಂಡದ್ದಕ್ಕೆ ತಾಳೆಯಾಯಿತು. ತಮಾಷೆಯೆಂದರೆ 'ಅಂದ್ರೆ' 14ರಿಂದ 19ಕ್ಕೆ ಏರಿತ್ತು, ಯಾರಿಗೂ ಅದು ಕಿರಿಕಿರಿಯಾಗಲಿಲ್ಲ. ಎಣಿಸುವವನಂತೂ ಗೆರೆ ಎಳೆಯುವ ಭರದಲ್ಲಿ ಭಾಷಣವನ್ನೇ ಕೇಳಿರಲಿಲ್ಲ. ಆ ಹುದ್ದೆ ರದ್ದು.

ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಕುಣಿಯುತ್ತಿದೆ: ಚೀಟಿ ತೆರೆಯುವ ಮೊದಲು ಮಾತುಗಾರ ತನ್ನ ಧ್ವನಿಮುದ್ರಣ ಕೇಳಿ, ಕೇಳುಗರಿಗೆ ಎಳೆ ತಪ್ಪಿದ್ದು ಎಲ್ಲಿ ಎಂದು ತಾನೇ ಊಹಿಸಬೇಕು. ಅದಕ್ಕೆಂದೇ ಕಾಲರ್ ಮೈಕ್ ತರಿಸಿದೆ. ಗದ್ದಲ ಸೋಸುತ್ತದೆ ಅಂದಿದ್ದರು. ಫ್ಯಾನಿನ ಸದ್ದು ಸ್ಫಟಿಕದ ಹಾಗೆ ಕೇಳುತ್ತದೆ, ಸೋಸಿಹೋಗಿರುವುದು ಮಾತು. ವಾಪಸ್ ಕಳಿಸಿದ್ದೇನೆ.