ತಿರುಗುವ ತೆಪ್ಪದಲ್ಲಿ ಗರಿಯ ಗಾಳ

ಹುಬ್ಬಳ್ಳಿಯಿಂದ ಹಾವೇರಿಗೆ ಹೊರಟ ಬಸ್ಸಿನಲ್ಲಿ ಪಕ್ಕದವರು ನನ್ನ ತೊಡೆಯ ಮೇಲಿದ್ದ ಉದ್ದನೆಯ ಕೊಳವೆಯನ್ನು ನೋಡಿ, "ಬಾನ್ಸುರಿ ಕಲಿಯುತ್ತೀರೇನು?" ಎಂದರು. ಧಾರವಾಡದವನ ಕೈಯಲ್ಲಿ ಇನ್ನೇನು ಇದ್ದೀತು! 9 ಅಡಿಯ ಗಾಳದ ಕೋಲು, ನಾಲ್ಕು ತುಂಡು ಮಾಡಿ ಇಟ್ಟಿದ್ದೇನೆ ಎಂದೆ. ಅವರ ಮುಖ ಸಪ್ಪಗಾಯಿತು.

ಗುತ್ತಲದ ಮೇಲೆ ಹಾದು ಗಳಗನಾಥ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ವರದೆ ತುಂಗಭದ್ರೆಯನ್ನು ಕೂಡುವ ಜಾಗವಿದು. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಮೀನು ಹಿಡಿಯುವ ಹಕ್ಕಿದ್ದವರ ಒಪ್ಪಿಗೆಯನ್ನು ಗೆಳೆಯ ಮೊದಲೇ ಪಡೆದಿದ್ದ. ತೆಪ್ಪದ ಕಾಕಾ ಹುಟ್ಟು ಹಿಡಿದು ಕಾಯುತ್ತಿದ್ದರು.

ನನ್ನ ಗಾಳಕ್ಕೆ ಎರೆಹುಳ ಬೇಡ. ಕೊಕ್ಕೆಗೆ ಹುಂಜದ ಕತ್ತಿನ ಗರಿಯನ್ನು ನೂಲಿನಿಂದ ಸುತ್ತಿ ಹುಳದ ರೂಪ ಕೊಟ್ಟಿರುತ್ತೇನೆ. ಆ ಗರಿಗೆ ತೂಕವೇ ಇಲ್ಲ. ದಪ್ಪ ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ತಡೆದು, ಮುಂದಕ್ಕೆ ಬೀಸಬೇಕು. ಉದ್ದನೆಯ ಕನೂ ದೋಣಿಯಲ್ಲಿ ಇದು ಸಲೀಸು. ಬಿದಿರಿನ ದುಂಡು ತೆಪ್ಪಕ್ಕೆ ಮುಂದು ಯಾವುದು, ಹಿಂದು ಯಾವುದು? ಒಮ್ಮೆ ಬೀಸಿದರೆ ಅದು ಕಾಲು ಸುತ್ತು ತಿರುಗುತ್ತಿತ್ತು. ಗುಡಿಯ ಕಡೆ ಎಸೆದ ಗಾಳ ವರದೆಯ ಕಡೆ ಬಿತ್ತು. ಮೂರನೆಯ ಸಲ ಕೊಕ್ಕೆ ತಲೆಯ ಬಳಿ ಸುಯ್ಯೆಂದಾಗ ಕಾಕಾ ರುಮಾಲನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು, "ತಮ್ಮಾ, ನೀನು ಹಿಡಿಯಬೇಕಾದದ್ದು ಮೀನನ್ನು" ಎಂದರು. ಆಮೇಲೆ ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಇಳಿಸಿ ಅಲುಗದಂತೆ ಹಿಡಿದರು. ಅವರು "ಹೂಂ" ಎಂದಾಗ ಮಾತ್ರ ನಾನು ಬೀಸುವುದು ಎಂದು ಒಪ್ಪಂದವಾಯಿತು.

ಮೊದಲು ಸಿಕ್ಕಿದ್ದು ಅಂಗೈಯಗಲದ ಗೆಂಡೆ. ಆಮೇಲೆ ಒಂದರ ಹಿಂದೊಂದು ಎರಡು ಜಿಲೇಬಿ. ತಿಲಾಪಿಯಾಕ್ಕೆ ನಮ್ಮ ಕಡೆಯ ಹೆಸರು ಅದು. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಹೆಸರಿನಲ್ಲಿ ಮಾತ್ರ ಸಿಹಿ: ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಕಾಟ್ಲಾವೊಂದು ಹತ್ತಿರವೇ ನೆಗೆದು ಮುಳುಗಿತು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು ಅದು, ನನ್ನ ಗರಿ ಅದಕ್ಕೇಕೆ?

ಜೊಂಡಿನ ಅಂಚಿನಲ್ಲಿ ಸಣ್ಣ ಉಂಗುರವೊಂದು ಎದ್ದು ಅಗಲವಾಯಿತು. "ಮರಲ್. ಉಸಿರಿಗೆ ಬಂದಿತ್ತು. ಮತ್ತೆ ಬರುತ್ತದೆ" ಎಂದರು ಕಾಕಾ ಪಿಸುಮಾತಿನಲ್ಲಿ. ಹಾವಿನ ತಲೆಯ ಆ ಮೀನು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದೆ ಬದುಕದು. ಜೊತೆಯಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ತಾವು ಅದನ್ನು ಮುಟ್ಟುವುದಿಲ್ಲ ಎಂದೂ ಹೇಳಿದರು. ಮರಿಗಳು ಕಾಣಲಿಲ್ಲ. ಕಾದೆವು. ಕಾಲು ಜೋಮು ಹಿಡಿಯಿತು. ಮತ್ತೆ ಉಂಗುರ ಎದ್ದಿತು. "ಹೂಂ." ಗರಿ ಉಂಗುರದ ನಡುವೆಯೇ ಬಿತ್ತು, ಎರಡು ಸಲ ನಡುಗಿತು, ನೀರು ಬಾಯ್ದೆರೆಯಿತು. ನಾನು ಕೋಲು ಎತ್ತಿದೆ. ಎತ್ತಬಾರದಿತ್ತು, ದಾರವನ್ನು ಕೈಯಿಂದ ಜಗ್ಗಬೇಕಿತ್ತು. ಮೀನಿಲ್ಲದ ಗಾಳ ಹಾರಿ ತೆಪ್ಪದೊಳಗೆ ಬಿತ್ತು. ನಮ್ಮ ತೆಪ್ಪ ಮಾತ್ರ ಸಾವಕಾಶ ಒಂದು ಸುತ್ತು ತಿರುಗಿತು.

ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಕಾಕಾ ಒದ್ದೆಯಾದ ಆ ಗರಿಯನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮ ಮನೆಯ ಹುಂಜ ಇದಕ್ಕಿಂತ ಕೆಂಪಗಿದೆ" ಎಂದರು. "ಬರುವ ಎರಡು ದಿನ ಮೊದಲು ಫೋನ್ ಮಾಡು."